ಕೆಮ್ಮು: ಇಲ್ಲ

ತೊಡೆಯ ಮೇಲಿದ್ದ ಲಕೋಟೆಗಳ ಕಟ್ಟಿನಲ್ಲಿ ರೊಜೆಲ್‌ಳದು ಕಟ್ಟಕಡೆಯದು ಎಂದು ಲೆವೀನಾ ಅಪೋಲಿಸ್‌ಗೆ ನೋಡದೆಯೂ ಗೊತ್ತಿತ್ತು. ಬೆಳಿಗ್ಗೆ ಆಫೀಸಿನಲ್ಲಿ ಕೈಗೆ ಬಂದಾಗ ಅದು ಮೇಲಿನಿಂದ ಮೂರನೆಯದಾಗಿತ್ತು. ದಾರಿಯ ಪ್ರಕಾರ ಜೋಡಿಸಿಕೊಳ್ಳುತ್ತೇನೆ ಎಂದು ಡ್ರೈವರ್ ಆಬಿಗೆ ಹೇಳಿ ಅದನ್ನು ತಳಕ್ಕೆ ಸರಿಸಿದ್ದಳು. ದಾರಿಯ ಪ್ರಕಾರ ರೊಜೆಲ್‌ಳ ಮನೆ, ಅಂದರೆ ಮಾಲ್ಗಾಸರ ಮನೆ, ಸಿಗುವುದು ಮೊದಲೇ. ಇಪ್ಪತ್ತು ವರ್ಷದಿಂದ ಇದೇ ಕಣಿವೆಯಲ್ಲಿ ಗಾಡಿ ಓಡಿಸುತ್ತಿರುವ ಆಬಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಅವನು ಏನೂ ಅನ್ನದೆ ಗೇರು ಬದಲಿಸಿದ. ಏನಾದರೂ ಅಂದಿದ್ದರೆ ಒಂದಿಷ್ಟು ಜಗಳವಾಡಿ ಹಗುರಾಗಬಹುದಿತ್ತು ಎನ್ನಿಸಿ ಲೆವೀನಾಳಿಗೆ ಅವನ ಮೇಲೇ ಸಿಟ್ಟು ಬಂತು. ಏಪ್ರಿಲ್ ತಿಂಗಳು, ಕೊಯ್ಲು ಮುಗಿದು ದ್ರಾಕ್ಷಿ ಬಳ್ಳಿಯ ಎಲೆಗಳು ಸಾಲುಸಾಲಾಗಿ ಕೆಂಪಗಾಗುತ್ತಿದ್ದವು. ಆ ಕೊನೆಯ ಲಕೋಟೆಯೊಳಗೆ 'ಹೆಚ್ಚು' ಎಂದಿರಲಿ ಎಂದು ಅವಳು ದೇವರನ್ನು ಬೇಡುತ್ತಿದ್ದಳು. ಸತ್ತು ಹತ್ತು ತಿಂಗಳಾದ ಹುಡುಗಿಯ ರಕ್ತದ ಬಗ್ಗೆ ಹೀಗೆ ಬೇಡಿಕೊಳ್ಳುವುದು ಹೇಸಿಗೆಯ ಕೆಲಸ ಎಂದು ಅವಳಿಗೆ ತಿಳಿದಿತ್ತು. ತಿಳಿದೂ ಬೇಡುತ್ತಲೇ ಇದ್ದಳು.

ಅಪಾಯ ಹೆಚ್ಚು, ಇಲ್ಲವೇ ಅಪಾಯ ಕಡಿಮೆ. ಕಾಗದದಲ್ಲಿ ಉಳಿದದ್ದೆಲ್ಲ ಉಪಚಾರದ ಮಾತು. ಈ ಕಣಿವೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಎದೆಯೊಳಗೆ ಕ್ಷಯ ಮಲಗಿಕೊಂಡಿರುತ್ತದೆ. ಅಜ್ಜನಿಂದಲೋ, ಪಕ್ಕದ ಮನೆಯವನಿಂದಲೋ, ತೋಟದ ಲಾರಿಯಲ್ಲಿ ಒತ್ತಿಕೊಂಡು ಕೂತವರಿಂದಲೋ ಬಂದು ಸೇರಿಕೊಂಡದ್ದು. ಬಹಳ ಮಂದಿಯಲ್ಲಿ ಅದು ಏಳುವುದೇ ಇಲ್ಲ, ಅವರ ಜೊತೆಗೇ ಮುದಿಯಾಗಿ ಮಣ್ಣು ಸೇರುತ್ತದೆ. ಕೆಲವರಲ್ಲಿ ಏಳುತ್ತದೆ. ಯಾರಲ್ಲಿ ಏಳುತ್ತದೆ ಎಂಬುದನ್ನು ರಕ್ತ ಮುಂಚೆಯೇ ಹೇಳಬಲ್ಲದೇ ಎಂದು ತಿಳಿಯುವುದಕ್ಕಾಗಿ ಐನೂರು ಹುಡುಗ ಹುಡುಗಿಯರ ರಕ್ತ ಆರಾರು ತಿಂಗಳಿಗೊಮ್ಮೆ ಮೂರು ಸಲ ಕೇಪ್‌ಟೌನಿಗೆ ಹೋಗಿತ್ತು. ಫಲಿತಾಂಶ ಅಲ್ಲಿಯ ಕಂಪ್ಯೂಟರಿನಲ್ಲೇ ಬೀಗ ಹಾಕಿಕೊಂಡು ಕೂತಿತ್ತು. ಮಕ್ಕಳಿಗೆ, ನರ್ಸುಗಳಿಗೆ, ಮನೆಮನೆಗೆ ಹೋಗಿ ವಿಚಾರಿಸುವ ಲೆವೀನಾಳಿಗೆ, ಕೊನೆಗೆ ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಅನೆಲೀಸ್‌ಗೂ ಅದು ತಿಳಿಯುವಂತಿರಲಿಲ್ಲ. "ಗೊತ್ತಾದ್ರೆ ನಾವು ನೋಡೋ ಕಣ್ಣೇ ಬದಲಾಗತ್ತೆ ಲೆವೀನಾ," ಎಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು, "ರಕ್ತ ಹೆಚ್ಚು ಅಂದವರ ಕೆಮ್ಮು ನಮಗೆ ಜೋರಾಗಿ ಕೇಳ್ಸತ್ತೆ, ಕಡಿಮೆ ಅಂದವರದ್ದು ಕೇಳ್ಸೋದೇ ಇಲ್ಲ." ಏನೂ ಗೊತ್ತಿಲ್ಲದವರ ಕಿವಿಗೆ ಎಲ್ಲ ಕೆಮ್ಮೂ ಸಮನಾಗಿ ಕೇಳಿಸುತ್ತದೆ ಎಂದು ಆ ಹೆಂಗಸು ನಂಬಿದ್ದಳಲ್ಲ, ಓದಿದವಳು. ಯಾರಿಗೆ ರೋಗ ಬರುತ್ತದೆಂದು ಎರಡು ವರ್ಷ ನೋಡಿದ್ದಾಗಿತ್ತು; ಈಗ ಅಧ್ಯಯನ ಮುಗಿದಿತ್ತು, ಬೀಗ ತೆಗೆದಿತ್ತು, ಪ್ರತಿಯೊಬ್ಬರಿಗೂ ಅವರವರ ರಕ್ತ ಹೇಳಿದ್ದನ್ನು ತಲುಪಿಸುವುದಷ್ಟೇ ಉಳಿದಿತ್ತು. ಬೆಳಿಗ್ಗೆ ಲೆವೀನಾ ಬಾಗಿಲ ಹತ್ತಿರ ನಿಂತು ಕೇಳಿದ್ದಳು, "ಸತ್ತೋರ ಮನೆಗೂ ಕೊಡ್ಬೇಕಾ ಡಾಕ್ಟ್ರೇ?" ಡಾಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅವರಿಗೂ ಹಕ್ಕಿದೆ. ಏನಾದ್ರೂ ಕೇಳಿದ್ರೆ ನನ್ನ ನಂಬರ್ ಕೊಡಿ. ನೀವಾಗಿ ವಿವರಿಸೋಕೆ ಹೋಗ್ಬೇಡಿ, ಆಯ್ತಾ?" ಆಯಿತು ಎಂದು ಲೆವೀನಾ ತಲೆಯಾಡಿಸಿದಳು. ಒಂಬತ್ತು ವರ್ಷದಿಂದ ಅವಳು ಈ ಆಫೀಸಿನಲ್ಲಿ ತಲೆಯಾಡಿಸುತ್ತ ಬಂದಿದ್ದಳು.

ಮೊದಲ ಐದಾರು ಮನೆಗಳಲ್ಲಿ ಕಷ್ಟವಾಗಲಿಲ್ಲ. ಕೆಲವರು ಲಕೋಟೆಯನ್ನು ಓದದೆ ಫ್ರಿಜ್ಜಿನ ಮೇಲಿಟ್ಟರು. ಒಂದು ಹುಡುಗಿ ಒಡೆದು ನೋಡಿ 'ಕಡಿಮೆ' ಎಂದು ಅಡುಗೆಮನೆಗೆ ಕೂಗಿ ಹೇಳಿದಳು, ಅಡುಗೆಮನೆಯಿಂದ ಅವಳ ತಾಯಿ "ಗಣಿತದಲ್ಲೂ ಹಾಗೇನೇ" ಎಂದಳು. ಡೆನ್ವರ್ ಕ್ಲಾಸ್ಟೆ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಸಿಕ್ಕಿದ. ಎರಡು ವರ್ಷದ ಹಿಂದೆ ಸೂಜಿ ಕಂಡರೆ ಕಣ್ಣು ಮುಚ್ಚುತ್ತಿದ್ದ ಹುಡುಗ ಈಗ ಬಾಗಿಲು ತುಂಬುವಷ್ಟಾಗಿದ್ದ, ಶನಿವಾರ ಶನಿವಾರ ಊರ ರಗ್ಬಿ ತಂಡಕ್ಕೆ ಆಡುತ್ತಿದ್ದ. ಗ್ರೀಸು ಹತ್ತಿದ ಹೆಬ್ಬೆರಳಿಂದ ಲಕೋಟೆ ಹರಿದು, ಓದಿ, ಇನ್ನೊಮ್ಮೆ ಓದಿ, ಆಬಿಯ ಕಡೆ ತಿರುಗಿ ಜೋರಾಗಿ ನಕ್ಕ. "ಹೆಚ್ಚು ಅಂತೆ! ಮೂರು ಸಲಾನೂ ಹೆಚ್ಚು! ಸಾಯ್ಬೇಕಾಗಿದ್ದೋನು ನಾನು ನೋಡಿ ಆಬಿ ಅಂಕಲ್." "ನಿನ್ನ ಹೊಟ್ಟೆಗೆ ಅಂಜಿ ಓಡಿಹೋಗಿರತ್ತೆ ಬಿಡೋ," ಎಂದ ಆಬಿ. ಲೆವೀನಾ ಹುಡುಗನ ಎದೆಯನ್ನು ನೋಡುತ್ತ ನಿಂತಿದ್ದಳು. ಅಂಗಿಯ ಗುಂಡಿಗಳು ಬಿಗಿದಿದ್ದವು. ಅವಳಿಗೆ ಆ ಗಟ್ಟಿಮುಟ್ಟಾದ ಎದೆಯ ಮೇಲೆ ಅಸೂಯೆಯಾಯಿತು, ಅದಕ್ಕೆ ಹಿಂದೆಯೇ ಹೆದರಿಕೆ. ಹೆಚ್ಚು ಅಂದವನು ನಗುತ್ತ ನಿಂತಿದ್ದಾನೆ ಎಂದಾದರೆ ಆ ಕಾಗದಕ್ಕೆ ಏನು ಬೆಲೆ? ಇಲ್ಲ, ಇವನೊಬ್ಬನ ವಿಷಯದಲ್ಲಿ ತಪ್ಪಿರಬಹುದು, ರೊಜೆಲ್‌ಳ ವಿಷಯದಲ್ಲಿ ಸರಿಯಾಗಿ ಹೇಳಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅವನಿಂದ ರುಜು ಹಾಕಿಸಿಕೊಂಡಳು. "ನಿಮಗ್ಯಾಕೆ ಆಂಟಿ ಮುಖ ಸಣ್ಣಗಾಯ್ತು, ನಾನಿನ್ನೂ ಇದೀನಿ," ಎಂದ ಡೆನ್ವರ್. ಪೆನ್ನಿಗೆ ಗ್ರೀಸು ಹತ್ತಿತು.

ಗಾಡಿ ಮತ್ತೆ ಹೊರಟಾಗ ಅವಳು ಕೈವಸ್ತ್ರದಿಂದ ಪೆನ್ನನ್ನು ಒರೆಸುತ್ತಲೇ ಇದ್ದಳು. ರೊಜೆಲ್‌ಳ ಕಾರ್ಡಿನಲ್ಲಿ ಬರೆದದ್ದು ಇದೇ ಪೆನ್ನಿನಿಂದಲ್ಲ, ಅದು ಬೇರೆ, ನೀಲಿ ಮುಚ್ಚಳದ್ದು. ಹೋದ ವರ್ಷಕ್ಕೂ ಹಿಂದಿನ ಅಕ್ಟೋಬರ್ ತಿಂಗಳು, ಗಂಧಕದ ಕಾಲ. ಬಳ್ಳಿ ಚಿಗುರಿದ ಮೇಲೆ ಬೂದಿರೋಗ ತಗಲದಿರಲೆಂದು ಎಲ್ಲ ತೋಟಗಳಲ್ಲೂ ಗಂಧಕದ ಪುಡಿ ಹೊಡೆಯುತ್ತಾರೆ. ಒಗೆದು ಹಾಕಿದ ಬಟ್ಟೆ, ಬ್ರೆಡ್ಡು, ಮಕ್ಕಳ ಕೂದಲು, ಎಲ್ಲಕ್ಕೂ ಅದೇ ವಾಸನೆ, ಇಡೀ ಕಣಿವೆಯೇ ಕೆಮ್ಮುತ್ತದೆ. ಒಬ್ಬೊಬ್ಬರ ಕಾರ್ಡಿನಲ್ಲೂ ಮೂರು ತಿಂಗಳಿಗೊಮ್ಮೆ ತುಂಬಬೇಕಾದ ಪ್ರಶ್ನೆಗಳು ನಾಲ್ಕು: ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿತ. ಹೌದು, ಇಲ್ಲ. ಒಂದು ಹೌದು ಬಂದರೆ ಎರಡು ಶೀಶೆ ಕಫ ತೆಗೆದುಕೊಳ್ಳಬೇಕು, ಮರುದಿನ ಎಕ್ಸ್‌ರೇಗೆ ಕರೆದೊಯ್ಯಬೇಕು, ಆರು ಪುಟ ಬರೆಯಬೇಕು. ಗಂಧಕದ ಕೆಮ್ಮನ್ನೆಲ್ಲ ಹೌದು ಎಂದು ಬರೆಯುತ್ತ ಹೋದರೆ ಐನೂರಕ್ಕೆ ಐನೂರೂ ಹೌದೇ. ಹಾಗಾಗಿ ಯಾರೂ ಬರೆಯುತ್ತಿರಲಿಲ್ಲ. ಯಾರೂ ಕೂತು ತೀರ್ಮಾನಿಸಿದ್ದಲ್ಲ ಅದು, ತೋಟದ ಮನೆಗಳಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಯೂ ಇರಲಿಲ್ಲ. ಪಟ್ಟಣದಿಂದ ಬಂದು ಹೊಸದಾಗಿ ಸೇರಿದ ಹುಡುಗಿಗೆ ಮಾತ್ರ ಲೆವೀನಾಳೇ ಹೇಳಿದ್ದಳು, "ಅಕ್ಟೋಬರಲ್ಲಿ ಕೆಮ್ಮು ಲೆಕ್ಕಕ್ಕಿಲ್ಲ ಕಣೆ, ಇಲ್ದಿದ್ರೆ ನೀನು ಮನೆ ಸೇರಿದ ಹಾಗೇ." ಕೇಪ್‌ಟೌನಿನಿಂದ ಬಂದ ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಆ ತಿಂಗಳು ಲೆವೀನಾಳ ಕಾರ್ಡುಗಳೇ ಎಲ್ಲರಿಗಿಂತ ಅಚ್ಚುಕಟ್ಟು ಎಂದು ಡಾಕ್ಟರ್ ಮೀಟಿಂಗಿನಲ್ಲಿ ಹೊಗಳಿದ್ದರು. ಅವಳಿಗೆ ಖುಷಿಯಾಗಿತ್ತು. ದ್ರಾಕ್ಷಿ ಪ್ಯಾಕಿಂಗ್ ಮಾಡುವ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತು ಕಾಲು ಊದಿಸಿಕೊಂಡವಳನ್ನು ಅಲ್ಲಿ ಯಾರೂ ಯಾವತ್ತೂ ಹೊಗಳಿರಲಿಲ್ಲ. ಆ ಶೆಡ್ಡಿನಲ್ಲಿ ಅವಳ ಎದುರುಗಡೆಯೇ ನಿಂತು ಹಣ್ಣು ಜೋಡಿಸುತ್ತಿದ್ದವಳು ಮೀಟಾ ಮಾಲ್ಗಾಸ್, ರೊಜೆಲ್‌ಳ ತಾಯಿ. ಲೆವೀನಾಳಿಗೆ ಆಫೀಸು ಕೆಲಸ ಸಿಕ್ಕಿ ಕೊರಳಿಗೆ ಹೆಸರಿನ ಕಾರ್ಡು ಬಂದಾಗ ಇಡೀ ಶೆಡ್ಡು ಕೇಳುವಂತೆ ಮೀಟಾ ಅಂದಿದ್ದಳು, "ಕೊರಳಿಗೆ ಕಟ್ಟಿರೋದು ಯಾಕೆ ಲೆವಿ, ಕಳೆದುಹೋದ್ರೆ ಯಾರಾದ್ರೂ ಮನೆಗೆ ತಂದು ಬಿಡ್ಲಿ ಅಂತಾನಾ?" ಎಲ್ಲರೂ ನಕ್ಕಿದ್ದರು, ಲೆವೀನಾಳೂ ನಕ್ಕಿದ್ದಳು. ಮಾಲ್ಗಾಸರ ಮನೆಗೆ ಹೋದಾಗಲೆಲ್ಲ ಅವಳು ಕಾರ್ಡನ್ನು ಅಂಗಿಯೊಳಗೆ ಹಾಕಿಕೊಳ್ಳುತ್ತಿದ್ದಳು.

ಆ ಅಕ್ಟೋಬರಿನ ದಿನ ರೊಜೆಲ್ ಬಟ್ಟೆ ಒಣಗಿಸುವ ತಂತಿಯ ಕೆಳಗೆ ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತಿದ್ದಳು, ಶಾಲೆಯ ಲಂಗದಲ್ಲೇ. ಸಂಜೆ ನಾಲ್ಕು ಗಂಟೆ. ಅದು ಆ ದಿನದ ಕೊನೆಯ ಮನೆ. ಲೆವೀನಾಳ ಎಡಗಾಲಿನ ಚಪ್ಪಲಿ ಕಚ್ಚುತ್ತಿತ್ತು. ಹೆಸರು ಬರೆದು ತಲೆಯೆತ್ತುವಾಗ ಹುಡುಗಿ ಕೆಮ್ಮಿದಳು. "ಗಂಧಕ ಆಂಟಿ," ಎಂದಳು, ಕೇಳುವ ಮೊದಲೇ. ಕೇಳುವ ಮೊದಲೇ ಯಾಕೆ ಹೇಳಿದಳು ಎಂದು ಲೆವೀನಾಳಿಗೆ ಆಗಲೂ ಒಂದು ಕ್ಷಣ ಅನ್ನಿಸಿತ್ತು. ಅನ್ನಿಸಲಿಲ್ಲ ಎಂದು ಈ ಹತ್ತು ತಿಂಗಳಲ್ಲಿ ಎಷ್ಟೋ ಸಲ ತನ್ನನ್ನು ನಂಬಿಸಲು ನೋಡಿದ್ದಳು, ಆಗಿರಲಿಲ್ಲ. "ಎಷ್ಟು ದಿನದಿಂದ?" "ಇಲ್ಲೇ, ಮೊನ್ನೆಯಿಂದ. ಹೌದು ಅಂತ ಬರೀಬೇಡಿ ಆಂಟಿ, ಪ್ಲೀಸ್. ನಿಮ್ಮ ಬಿಳಿ ಗಾಡಿ ಮನೆ ಮುಂದೆ ಇನ್ನೊಂದ್ಸಲ ನಿಂತ್ರೆ ಸಾಕು, ರೈನೋ ಬೇರೆಯವಳನ್ನ ಡ್ಯಾನ್ಸಿಗೆ ಕರ್ಕೊಂಡು ಹೋಗ್ತಾನೆ." ಶಾಲೆ ಮುಗಿಸುವವರ ಬೀಳ್ಕೊಡುಗೆಯ ಡ್ಯಾನ್ಸಿಗೆ ಎರಡು ವಾರ ಇತ್ತು. ನೇರಳೆ ಬಣ್ಣದ ಉದ್ದನೆಯ ಫ್ರಾಕು ಆಗಲೇ ಹೊಲಿದಿಟ್ಟಾಗಿತ್ತು. ಸೊಂಟ ಸಡಿಲವಾಯಿತೆಂದು ಎರಡು ಸಲ ಬಿಗಿ ಮಾಡಿಸಿದ್ದೇನೆ ಎಂದು ರೊಜೆಲ್ ಹೆಮ್ಮೆಯಿಂದ ಹೇಳಿದಳು. ಲೆವೀನಾ ನಕ್ಕಳು. "ಆ ರೈನೋ ಮೂತಿಗೆ ಬೇರೆಯವಳು ಬೇರೆ ಸಿಗ್ತಾಳೆ!" ನಗುತ್ತಲೇ ಬರೆದಳು. ಕೆಮ್ಮು: ಇಲ್ಲ. ತೂಕ ಇಳಿತ: ಇಲ್ಲ. ತೂಕದ ಯಂತ್ರ ಗಾಡಿಯಲ್ಲಿತ್ತು, ಇಳಿಸಿ ತರಬೇಕಾಗಿತ್ತು, ಆಬಿ ಆಗಲೇ ಹಾರ್ನ್ ಹೊಡೆಯುತ್ತಿದ್ದ. ಜನವರಿಯಲ್ಲಿ ರಕ್ತ ಕಾರಿದಾಗಲೇ ಎಲ್ಲರಿಗೂ ತಿಳಿದದ್ದು. ಅಷ್ಟರಲ್ಲಿ ಒಂದು ಪುಪ್ಪುಸ ಪೂರಾ ಹೋಗಿತ್ತು, ಮಾಮೂಲಿ ಮಾತ್ರೆಗೆ ಬಗ್ಗುವ ಜಾತಿಯ ರೋಗವೂ ಅದಾಗಿರಲಿಲ್ಲ. ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಐದು ತಿಂಗಳು. ಜೂನ್‌ನಲ್ಲಿ ಹೂಳುವಾಗ ಆ ನೇರಳೆ ಫ್ರಾಕನ್ನೇ ಹಾಕಿದರು, ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿ.

ಅವಳು ಸತ್ತ ವಾರ ಆಫೀಸಿನಲ್ಲಿ ಫೈಲು ತೆಗೆದು ನೋಡಿದರು. ಉದ್ದನೆಯ ಮೇಜು, ಚಹ, ತಟ್ಟೆಯಲ್ಲಿ ಬಿಸ್ಕತ್ತು. "ಅಕ್ಟೋಬರ್," ಎಂದು ಡಾಕ್ಟರ್ ಅನೆಲೀಸ್ ಓದಿದರು, "ಲಕ್ಷಣಗಳು ಯಾವುದೂ ಇಲ್ಲ." ಲೆವೀನಾ ಆಗ ಬಾಯಿ ತೆರೆದಿದ್ದಳು, ಖಂಡಿತ ತೆರೆದಿದ್ದಳು. ಅಷ್ಟರಲ್ಲಿ ಡಾಕ್ಟರ್ ಅವಳ ಕೈ ಮೇಲೆ ಕೈಯಿಟ್ಟು, "ನಿಮ್ಮ ಕಡೆಯಿಂದ ಆಗಬೇಕಾದ್ದೆಲ್ಲ ಆಗಿದೆ ಲೆವೀನಾ, ಕೆಲವರಲ್ಲಿ ಇದು ಸುಳಿವೇ ಕೊಡದೆ ಬರತ್ತೆ," ಎಂದುಬಿಟ್ಟರು. ತೆರೆದ ಬಾಯಿಗೆ ಅವಳು ಬಿಸ್ಕತ್ತು ಇಟ್ಟುಕೊಂಡಳು. ಅದು ಶುಂಠಿ ಬಿಸ್ಕತ್ತು, ಕರಗಲು ಬಹಳ ಹೊತ್ತು ಹಿಡಿಯಿತು. ಆ ದಿನದಿಂದ ಅವಳಿಗೆ ಉಳಿದದ್ದು ಇದೊಂದೇ ಆಸೆ: ರಕ್ತ 'ಹೆಚ್ಚು' ಎಂದಿರಬೇಕು. ಹಾಗಿದ್ದರೆ ಅವಳು ಪೆನ್ನು ಹಿಡಿಯುವ ಮೊದಲೇ ಕೇಪ್‌ಟೌನಿನ ಆ ಕಂಪ್ಯೂಟರ್ ಪೆಟ್ಟಿಗೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತದ್ದು ದೊಡ್ಡವರ ನಿಯಮ, ದೊಡ್ಡವರ ಪಾಪ. ಅದರ ಕೊನೆಯಲ್ಲಿ ತನ್ನದೊಂದು ಚಿಕ್ಕ 'ಇಲ್ಲ'. ಹತ್ತು ಜನ ಹೊತ್ತ ಹೆಣಕ್ಕೆ ತಾನೂ ಹೆಗಲು ಕೊಟ್ಟಷ್ಟೇ ಆಗುತ್ತಿತ್ತು.

"ಬಂತು," ಎಂದ ಆಬಿ. ಮಾಲ್ಗಾಸರ ಮನೆಯ ಮುಂದೆ ಗಾಡಿ ನಿಂತಿತ್ತು. "ನಾನು ಇಲ್ಲೇ ಇರ್ತೀನಿ. ಬೇಗ ಬಾ, ನಾಲ್ಕೂವರೆಗೆ ಗಾಡಿ ಒಪ್ಪಿಸ್ಬೇಕು." ಪಕ್ಕದ ಮನೆಯ ಕಿಟಕಿಯ ಪರದೆ ಅಲುಗಿತು. ಬಿಳಿ ಗಾಡಿ ಸತ್ತವರ ಮನೆಗೂ ಯಾಕೆ ಬಂತು ಎಂದು ಸಂಜೆಯೊಳಗೆ ಸಾಲುಮನೆಗಳಲ್ಲೆಲ್ಲ ಮಾತಾಗುತ್ತದೆ. ಬಟ್ಟೆಯ ತಂತಿಯ ಕೆಳಗೆ ಹಣ್ಣಿನ ಪೆಟ್ಟಿಗೆ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಮೀಟಾ ಮೊಣಕೈವರೆಗೆ ಹಿಟ್ಟಿನೊಳಗಿದ್ದಳು. ಕೊಯ್ಲು ಮುಗಿದ ಮೇಲೆ ಎಲ್ಲ ಮನೆಯಲ್ಲೂ ಮಾಡುವಂತೆ ಹುಳಿಬಂದ ದ್ರಾಕ್ಷಿರಸ ಹಾಕಿ ಸಿಹಿ ಬ್ರೆಡ್ಡಿಗೆ ನಾದುತ್ತಿದ್ದಳು. ಅಡುಗೆಮನೆಯೆಲ್ಲ ಸೋಂಪಿನ ವಾಸನೆ. "ಬಾ ಲೆವಿ, ಕೂತ್ಕೋ. ಚಹ ನೀನೇ ಬಗ್ಗಿಸ್ಕೋ, ನನ್ನ ಕೈ ನೋಡು." ಅವಳು ಇಳಿದುಹೋಗಿದ್ದಳು. ಶೆಡ್ಡಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಬಾಯಿಯ ಎರಡೂ ಬದಿಗೆ ಗೆರೆ ಬಿದ್ದಿತ್ತು. ಆದರೂ ಲೆವೀನಾಳನ್ನು ಕಂಡು ಅವಳಿಗೆ ಸಂತೋಷವಾಗಿತ್ತು, ಅದು ಎದ್ದು ಕಾಣುತ್ತಿತ್ತು, ಅದನ್ನು ನೋಡಲಾರದೆ ಲೆವೀನಾ ಕೆಟಲ್ಲಿನ ಕಡೆ ತಿರುಗಿದಳು. ಹೆಣದ ಮನೆಗೆ ಮೂರು ದಿನವೂ ಬಂದು ಪಾತ್ರೆ ತೊಳೆದಿದ್ದವಳು ಲೆವೀನಾ ಒಬ್ಬಳೇ ಎಂದು ಮೀಟಾ ಚರ್ಚಿನಲ್ಲಿ ಎಲ್ಲರೆದುರು ಹೇಳಿದ್ದಳು. ಯಾಕೆ ತೊಳೆದೆ ಎಂದು ಲೆವೀನಾಳಿಗಷ್ಟೇ ಗೊತ್ತಿತ್ತು.

"ಆಫೀಸಿನದ್ದು," ಎಂದು ಕೂತು ಲಕೋಟೆ ಮೇಜಿನ ಮೇಲಿಟ್ಟಳು. "ರೊಜೆಲ್ ರಕ್ತ ಏನು ಹೇಳಿತ್ತು ಅಂತ. ಎಲ್ಲರಿಗೂ ಕೊಡ್ತಿದಾರೆ. ಓದ್ಲೇಬೇಕು ಅಂತೇನಿಲ್ಲ ಮೀಟಾ. ಒಲೆಗೆ ಹಾಕಿದ್ರೂ ಯಾರೂ ಕೇಳಲ್ಲ."

ಮೀಟಾ ನಾದುವುದನ್ನು ನಿಲ್ಲಿಸಲಿಲ್ಲ. "ನೀನೇ ಓದು."

ಲೆವೀನಾ ಒಡೆದಳು. ಮಡಿಕೆ ಬಿಚ್ಚುವ ಮೊದಲೇ ಹಿಂಬದಿಯಿಂದ ಅಕ್ಷರ ಕಾಣಿಸಿತು, ದಪ್ಪಕ್ಷರ, ಮೂರು ಸಾಲು, ಮೂರರಲ್ಲೂ ಒಂದೇ ಪದ. ಜೂನ್‌ನಲ್ಲಿ ಕಡಿಮೆ, ಡಿಸೆಂಬರಿನಲ್ಲಿ ಕಡಿಮೆ, ಮತ್ತೆ ಜೂನ್‌ನಲ್ಲಿ, ಅಂದರೆ ಆ ಅಕ್ಟೋಬರಿಗೆ ನಾಲ್ಕು ತಿಂಗಳು ಮೊದಲು, ಕಡಿಮೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಪೆಟ್ಟಿಗೆಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ, ಇಡೀ ಲೋಕದಲ್ಲಿ ಆ ಕೆಮ್ಮನ್ನು ಕೇಳಿ ತಿಳಿಯಬಹುದಾಗಿದ್ದವಳು ಚಪ್ಪಲಿ ಕಚ್ಚುತ್ತದೆಂದು ಅವಸರದಲ್ಲಿದ್ದ ತಾನೊಬ್ಬಳೇ. 'ಹೆಚ್ಚು' ಎಂದು ಓದಿಬಿಡಲೇ ಎಂದು ಅನ್ನಿಸಿತು. ಮೀಟಾಳ ಕನ್ನಡಕ ಕಿಟಕಿಯ ಮೇಲಿತ್ತು, ಕೈ ಹಿಟ್ಟಿನಲ್ಲಿತ್ತು. ಓದಿ, ಹೋಗುವಾಗ ಮರೆತವಳಂತೆ ಕಾಗದವನ್ನು ಚೀಲಕ್ಕೆ ಸೇರಿಸಿಕೊಂಡರೆ ಆಯಿತು. ಆದರೆ ಒಂಬತ್ತು ವರ್ಷ ಬರೆದದ್ದನ್ನು ಬರೆದಂತೆಯೇ ಓದಿ ಅಭ್ಯಾಸವಾದ ಬಾಯಿ ಅವಳನ್ನು ಕೇಳದೆಯೇ ಓದಿತು: "ಕಡಿಮೆ."

"ಕಡಿಮೆ ಅಂದ್ರೆ?"

"ಮಲಗಿರೋದು ಏಳೋ ಅಪಾಯ ಕಡಿಮೆ ಅಂತ. ಮೂರು ಸಲಾನೂ."

ಹಿಟ್ಟಿನ ಮೇಲೆ ಮೀಟಾಳ ಮುಷ್ಟಿ ನಿಂತಿತು. "ಹಾಗಾದ್ರೆ ಒಳಗಿದ್ದದ್ದು ಎದ್ದಿದ್ದಲ್ಲ. ಹೊಸದಾಗಿ ಬಂದದ್ದು." ಅವಳು ಬಹಳ ನಿಧಾನವಾಗಿ ಮಾತಾಡುತ್ತಿದ್ದಳು, ಶೆಡ್ಡಿನಲ್ಲಿ ಕೊಳೆತ ಹಣ್ಣು ಹುಡುಕುವಾಗ ಗೊಂಚಲನ್ನು ತಿರುಗಿಸುತ್ತಿದ್ದ ಹಾಗೆ. "ನನ್ನಿಂದ ಬಂದದ್ದು."

"ಏನ್ ಮಾತು ಅಂತ ಆಡ್ತೀಯ!"

"ನಿಂಗೆ ಗೊತ್ತಲ್ಲ, ಇಪ್ಪತ್ತಾರನೇ ವಯಸ್ಸಲ್ಲಿ ನಂಗೆ ಕ್ಷಯ ಬಂದಿತ್ತು. ಆರು ತಿಂಗಳು ಮಾತ್ರೆ ಕೊಟ್ಟಿದ್ರು, ನಾಲ್ಕೇ ತಿಂಗಳು ನುಂಗಿದ್ದು. ಕೊಯ್ಲು ಬಂತು, ಮಾತ್ರೆ ತಗೊಂಡ್ರೆ ವಾಂತಿ, ನಿಲ್ಲಿಸ್ಬಿಟ್ಟೆ. ಅದಕ್ಕೇ ಅವಳದು ಮಾತ್ರೆಗೆ ಬಗ್ಲಿಲ್ಲ. ಅರ್ಧ ನುಂಗಿದ್ದು ನಾನು, ಬಗ್ಗದ ರೋಗ ಅವಳಿಗೆ. ನಾನೇ ಲೆವಿ. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಾಗ್ಲೆಲ್ಲ ಇದೇ ಯೋಚನೆ. ಈಗ ಕಾಗದಾನೂ ಬಂತು."

ಹೊರಗೆ ಆಬಿ ಒಮ್ಮೆ ಹಾರ್ನ್ ಹೊಡೆದ. ಎದ್ದು ಹೋಗಬಹುದಿತ್ತು. ನೀವಾಗಿ ವಿವರಿಸೋಕೆ ಹೋಗ್ಬೇಡಿ, ನಂಬರ್ ಕೊಡಿ. ಲೆವೀನಾ ನಿಜವಾಗಿಯೂ ಎದ್ದಳು, ಚೀಲವನ್ನು ಹೆಗಲಿಗೂ ಹಾಕಿಕೊಂಡಳು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳಿಗೆ ಹಾಯೆನಿಸಿತ್ತು. ಹೊರೆ ಹೊರುವುದಕ್ಕೆ ಇನ್ನೊಬ್ಬಳು ತಾನಾಗಿಯೇ ಮುಂದೆ ಬಂದಿದ್ದಳು. ಆ ಹಾಯನ್ನು ಕಂಡು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವಳು ಬಾಯಿಬಿಟ್ಟದ್ದು ಒಳ್ಳೆಯತನದಿಂದಲ್ಲ, ಆ ಹೇಸಿಗೆ ತಡೆಯಲಾರದೆ.

"ಅಕ್ಟೋಬರಲ್ಲಿ ಅವಳು ಕೆಮ್ಮುತ್ತಿದ್ದಳು ಮೀಟಾ. ನಾನು ಕೇಳಿದೆ. ಇಲ್ಲ ಅಂತ ಬರೆದೆ. ಹೌದು ಅಂತ ಬರೆದಿದ್ರೆ ಮಾರನೇ ದಿನಾನೇ ಎಕ್ಸ್‌ರೇ ತೆಗೀತಿದ್ರು. ಮೂರು ತಿಂಗಳು. ನಾನು ಮೂರು ತಿಂಗಳು ತಿಂದುಹಾಕಿದೆ."

ಬೈಯಲಿ ಎಂದು ಕಾದಳು. ಶೆಡ್ಡಿನಲ್ಲಿ ಮೇಸ್ತ್ರಿಯನ್ನೇ ಬೈದು ಓಡಿಸಿದ ಬಾಯಿ ಅದು. ಹಿಟ್ಟಿನ ಕೈಯಿಂದಲೇ ಕೆನ್ನೆಗೆ ಹೊಡೆದರೂ ಸರಿ ಎಂದು ಮುಖವನ್ನು ಸ್ವಲ್ಪ ಮುಂದಕ್ಕೆ ಚಾಚಿ ನಿಂತಳು. ಮೀಟಾ ಅವಳನ್ನು ನೋಡುತ್ತಿರಲಿಲ್ಲ, ಬಾಗಿಲಾಚೆ ನೋಡುತ್ತಿದ್ದಳು.

"ಎಲ್ಲಿ?"

"ಅಲ್ಲೇ. ತಂತಿ ಕೆಳಗೆ. ನಾಲ್ಕು ಗಂಟೆಗೆ."

"ನಾನು ತೋಟದಲ್ಲಿದ್ದೆ." ಮೀಟಾ ಕೈಗೆ ಮೆತ್ತಿದ್ದ ಹಿಟ್ಟನ್ನು ಬೆರಳು ಬೆರಳಿನಿಂದ ತೆಗೆಯತೊಡಗಿದಳು. "ನನ್ನೆದುರಿಗೆ ಒಂದು ಸಲಾನೂ ಕೆಮ್ಮಲಿಲ್ಲ ಅವಳು. ದಿಂಬು ಒತ್ಕೊಳ್ತಿದ್ಲೋ ಏನೋ, ದರಿದ್ರದವಳು. ಆಸ್ಪತ್ರೆ ಕೆಮ್ಮು ನಂಗೆ ಗೊತ್ತು, ಅದು ಅವಳದ್ದಲ್ಲ, ಆ ರೋಗದ್ದು. ಮೊದಲಿಂದು ನಾನು ಕೇಳೇ ಇಲ್ಲ." ಮತ್ತೆ ತಂತಿಯ ಕಡೆ ನೋಡಿದಳು. "ಹೇಗಿತ್ತು?"

"ಒಣ ಕೆಮ್ಮು. ಚಿಕ್ಕದು."

"ಹೇಳ್ಬೇಡ. ಕೆಮ್ಮಿ ತೋರ್ಸು."

"ಮೀಟಾ."

"ಕೇಳಿದೋಳು ನೀನೊಬ್ಬಳೇ ಅಲ್ವಾ. ತೋರ್ಸು."

ಲೆವೀನಾ ಕೆಮ್ಮಿದಳು. ಐವತ್ತೆರಡು ವರ್ಷದ ಹೆಂಗಸಿನ ದಪ್ಪ ಕೆಮ್ಮು ಅಡುಗೆಮನೆಯಲ್ಲಿ ಅಸಭ್ಯವಾಗಿ ಕೇಳಿಸಿತು. "ಅದು ನಿಂದು," ಎಂದಳು ಮೀಟಾ. "ಅವಳದ್ದು ತೋರ್ಸು." ಆಬಿ ಮತ್ತೆ ಹಾರ್ನ್ ಹೊಡೆದ, ಈ ಸಲ ಉದ್ದಕ್ಕೆ. ಲೆವೀನಾ ಚೀಲವನ್ನು ನೆಲಕ್ಕಿಟ್ಟಳು. ಹುಡುಗಿ ಹೇಗೆ ಕೂತಿದ್ದಳೆಂದು ನೆನಪು ಮಾಡಿಕೊಂಡಳು, ಮೊಣಕಾಲು ಜೋಡಿಸಿ, ಭುಜ ಕಿವಿಯವರೆಗೆ ಎತ್ತಿ. ಹಾಗೆಯೇ ಕುರ್ಚಿಯ ತುದಿಗೆ ಕೂತಳು. ಗದ್ದ ಎದೆಗೊತ್ತಿಕೊಂಡು ಎರಡು ಸಲ ಸಣ್ಣಗೆ ಕೆಮ್ಮಿದಳು, ಮೂರನೆಯದನ್ನು ತುಟಿ ಬಿಗಿದು ನುಂಗಿದಳು, ನುಂಗಿ, ಸಿಕ್ಕಿಬಿದ್ದವಳಂತೆ ಮೂಗಿನಿಂದ ಚೂರು ನಕ್ಕಳು. ಇಷ್ಟೆಲ್ಲ ತನಗೆ ನೆನಪಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೀಟಾ ಕಣ್ಣು ಮುಚ್ಚಿಕೊಂಡಿದ್ದಳು. ಹಿಟ್ಟಿನ ಕೈಗಳು ಎದೆಯ ಮುಂದೆ ಹಾಗೇ ನಿಂತಿದ್ದವು.

"ಇನ್ನೊಂದ್ಸಲ," ಎಂದಳು.

ಲೆವೀನಾ ಮತ್ತೆ ಕೆಮ್ಮಿದಳು.